ಮಡಿಯಲ್ಲಿದ್ದ ಬೇಸ್ ಗಿಟಾರು

ನಮ್ಮ ಮನೆಯ ಗೋಡೆಯಲ್ಲಿ ಒಂದು ಬೇಸ್ ಗಿಟಾರು ತೂಗುತ್ತದೆ. ವಯಸ್ಸಿನಲ್ಲಿ ನನಗಿಂತ ಹಿರಿಯದು. ಅರವತ್ತರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿ, ಹಡಗು ಹತ್ತಿ ಸ್ವೀಡನ್ನಿನ ಗೋಥೆನ್‌ಬರ್ಗ್ ಬಂದರಿಗೆ ಇಳಿದದ್ದು. ಅಂಚಿನಲ್ಲಿ ಗಟ್ಟಿ ಡಿಕಾಕ್ಷನ್ನಿನ ಬಣ್ಣ, ಒಳಗೆ ಬರುತ್ತ ಬರುತ್ತ ಜೇನಿನದು. ಇಂಥವು ಈಗ ಸಿಗುವುದೇ ಅಪರೂಪ. ಗೀರಿಲ್ಲದ್ದಂತೂ ಸಿಗುವುದೇ ಇಲ್ಲ. ಇದು ನನ್ನ ಕೈಗೆ ಬಂದಾಗ ಮೈಮೇಲೆ ಒಂದು ಗೀರೂ ಇರಲಿಲ್ಲ.

ಚಳಿಗಾಲದ ಮಧ್ಯಾಹ್ನ ಮೂರಕ್ಕೆ ಸೂರ್ಯ ಹೊರಟುಬಿಡುವ ಮುಂಚೆ ಅರ್ಧ ಗಳಿಗೆ ಅದರ ಮೇಲೆ ಬೆಳಕು ಬೀಳುತ್ತದೆ. ಆಗ ದಪ್ಪ ತಂತಿಯನ್ನು ಹೆಬ್ಬೆರಳಿನಿಂದ ಒಮ್ಮೆ ಮೀಟುತ್ತಿದ್ದೆ. ಆ ಸ್ವರ ಕೋಣೆಯನ್ನು ಬಿಟ್ಟು ಹೋಗಲು ಮನಸ್ಸಿಲ್ಲದ ಅತಿಥಿಯಂತೆ ಸೋಫಾದ ಬಳಿ ಸುಳಿದಾಡುತ್ತಿತ್ತು. ಅಷ್ಟೇ ನನ್ನ ಸಂಗೀತ. ಆಮೇಲೆ ಹೀಟರಿನ ಒಣಗಾಳಿಗೆ ಮರ ಬಿರಿದೀತೆಂದು ತೇವ ಅಳೆಯುವ ಯಂತ್ರ ನೋಡುತ್ತಿದ್ದೆ. ಮಗಳಿಗೆ ಜ್ವರ ಬಂದಾಗಲೂ ಮೊದಲು ನೋಡಿದ್ದು ಈ ಯಂತ್ರವನ್ನೇ ಎಂದು ಹೆಂಡತಿ ಇಂದಿಗೂ ಹೇಳುತ್ತಾಳೆ. ಸುಳ್ಳಲ್ಲ.

ಅದನ್ನು ಮಾರಿದವರು ನದಿಯಾಚೆ ಮೂರನೇ ಮಹಡಿಯಲ್ಲಿ ಒಬ್ಬರೇ ಇರುವ ಮುದುಕರು. ಮೂವತ್ತು ವರ್ಷ ಬೇಸಿಗೆಯ ಪಾರ್ಕುಗಳಲ್ಲಿ ಜೋಡಿಗಳು ಕುಣಿಯುವಾಗ ಬೇಸ್ ನುಡಿಸಿದವರು. ಬಾಗಿಲಲ್ಲಿ ಶೂ ಬಿಚ್ಚಿಸಿ, ಕಾಫಿ ಮತ್ತು ದಾಲ್ಚಿನ್ನಿ ಬನ್ನು ಕೊಟ್ಟು, ಒಂದೇ ಪ್ರಶ್ನೆ ಕೇಳಿದರು.

“ನುಡಿಸುತ್ತೀಯಾ ಇದನ್ನು? ಜನರ ಮುಂದೆ?”

ನಾನು ತಲೆಯಾಡಿಸಿದೆ. ಹೂಂ ಎಂದೂ ಅಲ್ಲ, ಊಹೂಂ ಎಂದೂ ಅಲ್ಲ, ಎಡಕ್ಕೊಂದಿಷ್ಟು, ಬಲಕ್ಕೊಂದಿಷ್ಟು. ಮದುವೆಗೆ ಕರೆದವರಿಗೂ ಸೈಟು ತೋರಿಸಿದವರಿಗೂ ನಮ್ಮಲ್ಲಿ ಇದೇ ಉತ್ತರ. ನೋಡೋಣ. ಅವರು ನನ್ನ ತಲೆಯನ್ನೇ ಸ್ವಲ್ಪ ಹೊತ್ತು ನೋಡಿ, ಗಿಟಾರನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಕೊಟ್ಟರು.

ಜನರ ಮುಂದೆ ನುಡಿಸಲು ನನ್ನ ಬಳಿ ಬೇರೊಂದಿತ್ತು. ಅದೇ ಬಣ್ಣ, ಅದೇ ಆಕಾರದ ಇತ್ತೀಚಿನ ನಕಲು. ಆಫೀಸಿನ ನಾಲ್ಕು ಜನ ಸೇರಿ ಮಾಡಿಕೊಂಡ ನಮ್ಮ ಬ್ಯಾಂಡಿಗೆ ಅದು ಸಾಕಾಗಿತ್ತು, ಡ್ರಮ್ಮರ್ ಒಬ್ಬನನ್ನು ಬಿಟ್ಟು. ಅವನು ಹುಬ್ಬಳ್ಳಿಯವನು. ಸಭೆಯಲ್ಲಿ ಬೆಂಗಳೂರಿನ ಕನ್ನಡ ಆಡುತ್ತಾನೆ, ರೇಗಿದಾಗ ಊರಿಗೆ ಮರಳುತ್ತಾನೆ.

“ಅದನ್ನ ತರ್ರಿ ಸರ. ಗ್ವಾಡಿಗೆ ಹಾಕಾಕ ಒಂದು ಕ್ಯಾಲೆಂಡರ್ ಇಲ್ಲೇನು ನಿಮ್ಮನ್ಯಾಗ?”

ಹೆಂಡತಿಯ ಮಾತು ಇನ್ನೂ ಮೃದು, ಆದ್ದರಿಂದ ಇನ್ನೂ ಆಳಕ್ಕಿಳಿಯುತ್ತಿತ್ತು. “ರೀ, ನಮ್ಮಜ್ಜಿ ಮಡಿ ಸೀರೇನ ಮೇಲೆ ಗಳುವಿನಲ್ಲಿ ಒಣಗಿಸಿ, ಕೋಲಲ್ಲಿ ತೆಗೀತಿದ್ರು. ನೀವೂ ಒಂದು ಕೋಲು ಇಟ್ಕೊಂಡ್ಬಿಡಿ.”

ಮಡಿಯ ಮನೆಯಿಂದ ಓಡಿಬಂದು ಕಾಲೇಜಿನಲ್ಲಿ ಗಿಟಾರು ಹಿಡಿದವನು ನಾನು. ಆ ಮಡಿ ನನ್ನ ಹಿಂದೆಯೇ ವಿಮಾನ ಹತ್ತಿದ್ದು ಗೊತ್ತಾಗಿರಲಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಟ್ರಾಮಿನಲ್ಲಿ ಆ ಮುದುಕರು ಸಿಕ್ಕರು. ಕೈಯಲ್ಲಿ ಊರುಗೋಲು, ಎರಡೂ ಕಿವಿಗೆ ಯಂತ್ರ.

“ಹೇಗೆ ಹಾಡುತ್ತಿದೆ?”

“ಚೆನ್ನಾಗಿ,” ಎಂದೆ. ಕಿಟಕಿಯಾಚೆ ನೋಡುತ್ತ.

“ಯಾವಾಗ ನುಡಿಸುತ್ತೀ? ನಾನು ಬರಬೇಕು.”

ಕನ್ನಡ ಬಳಗದ ಯುಗಾದಿ ಕಾರ್ಯಕ್ರಮದ ದಿನ ಹೇಳಿದೆ, ಸಭಾಂಗಣದ ಹೆಸರೂ ಹೇಳಿದೆ. ಅವರ ಮುಖ ಅರಳಿತು. “ಅಲ್ಲಿ ಹಳೆಯ ಮರದ ನೆಲ. ಕಿವಿ ಹೋದವನಿಗೂ ಬೇಸ್ ಕೇಳುತ್ತದೆ, ಪಾದದಲ್ಲಿ. ಆದರೆ ಸಕ್ಕರೆ ಕಾಯಿಲೆ. ಪಾದವೂ ಮರಗಟ್ಟುತ್ತಿದೆ. ಬರುವ ವರ್ಷ ಅಂದರೆ ತಡವಾಗುತ್ತದೆ.”

ಸ್ವೀಡಿಷಿನಲ್ಲಿ ಪ್ರಧಾನಿಗೂ ‘ನೀನು’. “ನೀನು ಬಾ” ಎಂದು ಅಷ್ಟು ಹಿರಿಯರಿಗೆ ಹೇಳುವಾಗ ಇಂದಿಗೂ ನಾಲಿಗೆ ಹಿಂಜರಿಯುತ್ತದೆ. ಅಂದು ಸುಳ್ಳನ್ನೂ ಸೇರಿಸಿ ಹೇಳಿದ್ದರಿಂದ ಎರಡು ಪಟ್ಟು ಹಿಂಜರಿಯಿತು.

ಹಬ್ಬದ ಹಿಂದಿನ ವಾರವೆಲ್ಲ ಒಂದೇ ಕನಸು. ಬೇಸ್ ನದಿಯಲ್ಲಿ ದೋಣಿಯ ಹಾಗೆ ತೇಲಿ ಸಮುದ್ರದ ಕಡೆ ಹೋಗುತ್ತದೆ. ನಾನು ದಡದಲ್ಲಿ ತೇವ ಅಳೆಯುವ ಯಂತ್ರ ಹಿಡಿದು ಓಡುತ್ತಿದ್ದೇನೆ. ಎಚ್ಚರವಿದ್ದಾಗ ಚಿಂತೆ ಬೇರೆ. ಟ್ರಾಮ್ ಗಕ್ಕನೆ ನಿಂತರೆ? ಮಕ್ಕಳು ಪಾನಕದ ಕೈಯಲ್ಲಿ ಮುಟ್ಟಿದರೆ? ಹೆಗಲ ಬೆಲ್ಟು ಕಳಚಿಕೊಂಡರೆ? ಶನಿವಾರ ಬೆಳಿಗ್ಗೆ ಎರಡನ್ನೂ ನೋಡಿದೆ, ನಕಲನ್ನು ಚೀಲಕ್ಕೆ ಹಾಕಿದೆ. ಕಿವಿ ಕೇಳದವರಿಗೆ ಯಾವುದಾದರೇನು ಎಂದು ನನಗೆ ನಾನೇ ಹೇಳಿಕೊಂಡೆ. ಇಷ್ಟು ಕೆಟ್ಟ ಯೋಚನೆ ಎಷ್ಟು ಹಗುರಾಗಿ ಬಂತೆಂದು ಈಗ ಆಶ್ಚರ್ಯ.

ಅವರು ಮೊದಲ ಸಾಲಿನಲ್ಲಿ ಕೂತಿದ್ದರು, ಕೋಟು ಟೈ ಧರಿಸಿ. ನಾವು ಶುರು ಮಾಡುವಾಗ ಕಿವಿಯ ಯಂತ್ರಗಳನ್ನು ತೆಗೆದು ಜೇಬಿಗಿಟ್ಟರು. ಬಗ್ಗಿ, ಶೂ ಬಿಚ್ಚಿ, ಬೂದು ಕಾಲುಚೀಲದ ಪಾದಗಳನ್ನು ನೆಲದ ಮೇಲೆ ಅಗಲವಾಗಿ ಊರಿದರು. ಮೂರು ಹಾಡು ನುಡಿಸಿದೆ. ಪಾದಗಳನ್ನು ಬಿಟ್ಟು ಬೇರೇನೂ ನನಗೆ ಕಾಣಿಸಲಿಲ್ಲ.

ಕೋಸಂಬರಿ, ಒಬ್ಬಟ್ಟಿನ ವಿರಾಮದಲ್ಲಿ ಅವರು ವೇದಿಕೆಗೆ ಬಂದು ಗಿಟಾರಿನ ಕತ್ತಿನ ಹಿಂದೆ ಹೆಬ್ಬೆರಳು ಆಡಿಸಿದರು.

“ಇದು ನನ್ನದಲ್ಲ.”

ಹವೆ, ಟ್ರಾಮ್, ಪಾನಕ, ಬೆಲ್ಟು ಎಲ್ಲವನ್ನೂ ನನ್ನ ಹರಕು ಸ್ವೀಡಿಷಿನಲ್ಲಿ ಹೇಳಿದೆ. ಅವರು ಯಂತ್ರಗಳನ್ನು ಮತ್ತೆ ಕಿವಿಗಿಟ್ಟುಕೊಂಡು ತಾಳ್ಮೆಯಿಂದ ಕೇಳಿದರು. ಆಮೇಲೆ ನಕ್ಕರು.

“ಮೂವತ್ತು ವರ್ಷ ಪಾರ್ಕುಗಳಲ್ಲಿ ನುಡಿಸಿದವನ ಬೇಸ್ ಅಷ್ಟು ಹೊಸದಾಗಿರುತ್ತದಾ? ನೀನು ಯೋಚಿಸಲೇ ಇಲ್ಲವಾ? ಪಾರ್ಕಿಗೆ ಒಯ್ಯಲು ನನ್ನ ಹತ್ತಿರವೂ ಇಂಥದೇ ಇನ್ನೊಂದಿತ್ತು.”

“ಹಾಗಾದರೆ ನನಗೆ ಕೊಟ್ಟದ್ದು?”

“ಮನೆಯಲ್ಲೇ ಇತ್ತು. ಪ್ರತಿ ವಸಂತದಲ್ಲೂ ಈ ಬೇಸಿಗೆಗೆ ಒಯ್ಯುತ್ತೇನೆ ಅಂದುಕೊಳ್ಳುತ್ತಿದ್ದೆ.” ಆಮೇಲೆ ಕೇಳಿದರು: “ಅಂದು ನೀನು ತಲೆ ಹೀಗೆ ಮಾಡಿದೆಯಲ್ಲ, ಏನರ್ಥ?” ಅವರು ಮಾಡಿ ತೋರಿಸಿದ್ದು ಕತ್ತು ಉಳುಕಿದವರ ಹಾಗಿತ್ತು.

“ನೋಡೋಣ ಅಂತ.”

“ಓ,” ಎಂದರು. “ನಾನು ಹೌದು ಅಂತ ತಿಳಿದೆ. ಅದಕ್ಕೇ ನಿನಗೆ ಕೊಟ್ಟದ್ದು.”

ಅವರ ದನಿಯಲ್ಲಿ ದೂರಿರಲಿಲ್ಲ. ಇದ್ದಿದ್ದರೆ ನಾನು ವಾದ ಮಾಡಿ ಗೆದ್ದು, ನಕಲನ್ನೇ ನುಡಿಸಿ ಮನೆಗೆ ಹೋಗುತ್ತಿದ್ದೆ. ಅವರು ತಮ್ಮ ಕುರ್ಚಿಗೆ ಮರಳಿ, ಬಗ್ಗಿ ನಿಧಾನವಾಗಿ ಶೂ ಹಾಕಿಕೊಳ್ಳತೊಡಗಿದರು.

“ಹಾಕಬೇಡ,” ಎಂದೆ.

ನಮ್ಮ ಮನೆ ಅಲ್ಲಿಂದ ಎರಡು ಸ್ಟಾಪು. ಡ್ರಮ್ಮರ್ ಎಲ್ಲ ಕೇಳಿಸಿಕೊಂಡಿದ್ದ. “ಹೋಗಿಬರ್ರಿ ಸರ. ಅಲ್ಲೀತನಕಾ ಮಕ್ಕಳ ಫ್ಯಾನ್ಸಿ ಡ್ರೆಸ್ ಎಳಿತೀನಿ ನಾನು.”

ಮರಳುವಾಗ ಟ್ರಾಮ್ ತುಂಬಿತ್ತು. ಮಕ್ಕಳ ತಳ್ಳುಗಾಡಿಗಳ ನಡುವೆ ಪೆಟ್ಟಿಗೆಯನ್ನು ತಬ್ಬಿ ನಿಂತೆ. ಹೊರಗೆ ಬಿಸಿಲು, ಆ ಬಿಸಿಲಿನಲ್ಲೇ ಎಲ್ಲಿಂದಲೋ ಹಿಮದ ನಾಲ್ಕು ಹೂವು. ಪೆಟ್ಟಿಗೆಯೊಳಗೆ ತಂತಿಗಳು ಹಳಿಯ ಸದ್ದಿಗೆ ತಾವೇ ಸಣ್ಣಗೆ ಗುನುಗುತ್ತಿದ್ದವು. ಅಥವಾ ನನಗೆ ಹಾಗನ್ನಿಸಿತು.

ನಿಜ ಹೇಳಬೇಕೆಂದರೆ ನುಡಿಸುವಾಗ ನನ್ನ ಕಿವಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ತಿಳಿಯಲಿಲ್ಲ. ಇಷ್ಟು ವರ್ಷ ಕಾವಲು ಕಾದದ್ದು ಇದಕ್ಕೇನಾ ಎಂದುಕೊಂಡೆ. ಮುಂದಿನ ಸಾಲಿನ ಬೂದು ಪಾದಗಳು ಮೊದಲ ಹಾಡಿನಲ್ಲಿ ಅಲುಗಲೇ ಇಲ್ಲ. ಎರಡನೆಯದರಲ್ಲಿ ಬಲಗಾಲಿನ ಹೆಬ್ಬೆರಳು ಎದ್ದಿತು, ಇಳಿಯಿತು. ಸ್ವಲ್ಪ ತಡವಾಗಿ ಎಡಗಾಲಿನದು. ಕಣ್ಣು ಮುಚ್ಚಿದ್ದರು. ಆ ಹಲಗೆಗಳ ಮೇಲೆ ಯಾವ ಬೇಸಿಗೆ ಕುಣಿಯುತ್ತಿತ್ತೋ, ಯಾರ ಪಾದಗಳಿದ್ದವೋ, ನನಗೆ ತಿಳಿಯದು. ಹಾಡು ಮುಗಿಸಬೇಕಾದ ಕಡೆ ನಾನು ಮುಗಿಸಲಿಲ್ಲ. ಇನ್ನೊಂದು ಸುತ್ತು ಬಂದೆ, ಡ್ರಮ್ಮರನೂ ಬಯ್ಯದೆ ಜೊತೆಗೆ ಬಂದ.

ಕೆಳಗಿಳಿದಾಗ ಹೆಂಡತಿ ಗಿಟಾರನ್ನು ತಿರುಗಿಸಿ ನೋಡಿದಳು. ಅವಳೇ ನನಗೆ ಹಾಕಿಸಿದ್ದ ಜುಬ್ಬದ ಹಿತ್ತಾಳೆ ಗುಂಡಿ ಅದರ ಬೆನ್ನಿನ ಮೇಲೆ ಬೆರಳುದ್ದದ ಗೀರು ಎಳೆದಿತ್ತು. ಅವಳು ನನ್ನ ಮುಖ ನೋಡಿದಳು.

“ಮಡಿ ಹೋಯ್ತು ಬಿಡಿ. ಇನ್ನು ಯಾರು ಬೇಕಾದ್ರೂ ಮುಟ್ಟಬಹುದು.”

ಮೊದಲು ಮುಟ್ಟಿದವರು ಆ ಮುದುಕರು. ಕಾಲುಚೀಲದಲ್ಲೇ ಬಂದು, ಗೀರಿನ ಮೇಲೆ ಬೆರಳಿಟ್ಟು, ಕೇಳಿದರು: “ಮತ್ತೆ ಯಾವಾಗ?”

ನನ್ನ ತಲೆ ಆಗಲೇ ಎಡಕ್ಕೆ ವಾಲಿತ್ತು. ಅವರು ಅದನ್ನೇ ನೋಡುತ್ತಿದ್ದರು. ಅದನ್ನು ನೆಟ್ಟಗೆ ಮಾಡಿಕೊಂಡು, “ಮೇ ತಿಂಗಳ ಮೊದಲ ಶನಿವಾರ, ಎರಡು ಗಂಟೆಗೆ, ಇಲ್ಲೇ,” ಎಂದೆ. ಸಭಾಂಗಣ ಅಂದು ಖಾಲಿ ಇದೆಯೋ ಇಲ್ಲವೋ ಎಂಬ ಚಿಂತೆ ಆಮೇಲೆ ಶುರುವಾಯಿತು.