ಮುಳ್ಳಿಲಿಗಾಗಿ ಕಾದು ಕೂತ ನಮ್ಮತ್ತೆ

ತೋಟದ ಕಸಕ್ಕೆ ಬೆಂಕಿ ಇಡುವುದೆಂದರೆ ನಮ್ಮತ್ತೆ ನಂಜಮ್ಮನವರಿಗೆ ಅರ್ಧ ದಿನದ ಕೆಲಸ. ಒಣಗಿದ ತೆಂಗಿನ ಗರಿ, ಸಿಪ್ಪೆಯ ರಾಶಿಯನ್ನು ಕೋಲಿನಿಂದ ಬುಡದವರೆಗೆ ಕೆದಕಿ ನೋಡದೆ ಯಾರಿಗೂ ಕಡ್ಡಿ ಗೀರಲು ಬಿಡುತ್ತಿರಲಿಲ್ಲ. ಮದುವೆಯಾಗಿ ಜಾವಗಲ್ಲಿಗೆ ಬಂದ ಹೊಸತರಲ್ಲಿ, ಇವರ ಕಿವಿಯೋಲೆಯೇನಾದರೂ ಕಸದಲ್ಲಿ ಬಿದ್ದಿದೆಯೇನೋ ಎಂದು ನಾನು ಸೆರಗಿನ ಮರೆಯಲ್ಲಿ ನಕ್ಕಿದ್ದುಂಟು.

ಒಂದು ಸಲ ರಾಶಿಯಡಿ ಮುಳ್ಳಿಲಿ ಸಿಕ್ಕಿತು. ಮುಳ್ಳುಹಂದಿಯಲ್ಲ, ಅಂಗೈಯಲ್ಲಿ ಕೂರುವಷ್ಟು ಪುಟ್ಟದು. ಕೋಲು ತಾಗಿದ್ದೇ ತಡ, ಮೂತಿ, ಕಾಲು, ಹೊಟ್ಟೆ ಎಲ್ಲವನ್ನೂ ಒಳಗೆಳೆದುಕೊಂಡು ಮುಳ್ಳಿನ ಉಂಡೆಯಾಯಿತು. ಮನೆಯ ನಾಯಿ ಹಾರಿ ಬಂದು ಬಾಯಿ ಹಾಕಿ, ಕುಂಯ್‌ಗುಟ್ಟುತ್ತ ಹಿಂದೆ ಸರಿಯಿತು. ನಾಯಿ, ನರಿಗೆ ಈ ಉಪಾಯ ಸಾಕು. ಬೆಂಕಿ ಬಂದರೂ ಓಡದೆ ಅಲ್ಲೇ ಮುದುರಿಕೊಳ್ಳುತ್ತದೆ ಎಂದು ಅತ್ತೆ ಹೇಳಿದಾಗ ನನ್ನ ನಗು ನಿಂತಿತು. ತೋಟದ ಆಳು ರಂಗಪ್ಪ ಅದನ್ನು ಬಿಚ್ಚಿಸುತ್ತೇನೆಂದು ಕುಡುಗೋಲಿನ ಹಿಡಿಯಿಂದ ತಿವಿಯತೊಡಗಿದ.

“ತಿವೀಬೇಡ ಕಣೋ ರಂಗ. ನೀನು ತಿವಿದಷ್ಟೂ ಅದು ಬಿಗಿ ಆಯ್ತದೆ. ದೂರ ಬಾ, ಭಯ ಹೋದ್ರೆ ಅದೇ ಬಿಚ್ಕೊತದೆ,” ಎಂದರು ಅತ್ತೆ.

ನಮ್ಮನ್ನೆಲ್ಲ ಮರದಡಿ ಕೂರಿಸಿ, ಮಾತಾಡಬೇಡಿ ಎಂದರು. ಎಷ್ಟೋ ಹೊತ್ತಿಗೆ ಚೂಪು ಮೂತಿಯೊಂದು ಹೊರಬಂದು, ಗಾಳಿ ಮೂಸಿ, ಬೇಲಿಯ ಕಡೆ ಗುಡುಗುಡು ಹೋಯಿತು. ಬೆಂಕಿ ಆಮೇಲೆಯೇ. ಕೆಮ್ಮಿಗೆ ಔಷಧಿಯೆಂದು ಅದರ ಮುಳ್ಳು ಕೇಳಿದ ಪಕ್ಕದ ತೋಟದವರಿಗೆ ಮಾತ್ರ, ಮೊದಲು ಬೀಡಿ ಬಿಟ್ಟು ನೋಡಿ ಎಂದುಬಿಟ್ಟರು.

ಮರುವರ್ಷ, ಏಳು ತಿಂಗಳಾಗಿದ್ದಾಗ, ನನ್ನ ಮಗು ಹೊಟ್ಟೆಯಲ್ಲೇ ಹೋಯಿತು. ಆಸ್ಪತ್ರೆಯಲ್ಲಿ ನನಗೆ ಎಚ್ಚರವಾಗುವಷ್ಟರಲ್ಲಿ ಮನೆಯವರು ಮಣ್ಣು ಮಾಡಿ ಬಂದಿದ್ದರು. ಊರಿಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದೆ. ಅರಸೀಕೆರೆಯಿಂದ, ಹಾರನಹಳ್ಳಿಯಿಂದ ನೆಂಟರು ಬಂದರು. ಏನು ತಿಂದೆ, ಏನು ಎತ್ತಿದೆ, ಯಾಕೆ ಅಳುತ್ತಿಲ್ಲ, ಪ್ರಶ್ನೆಯೋ ಪ್ರಶ್ನೆ. ಮಾರನೆಯ ದಿನದಿಂದ ಅತ್ತೆ ಕೋಣೆಯ ಬಾಗಿಲಲ್ಲೇ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತ ಕೂತುಬಿಟ್ಟರು. ಬಂದವರಿಗೆಲ್ಲ ಕಾಫಿ ಕೊಡಿಸಿ, ಒಬ್ಬರನ್ನೂ ಒಳಗೆ ಬಿಡದೆ ಕಳಿಸಿದರು. ಅವರ ಸ್ವಂತ ಅಕ್ಕನೇ ಮುನಿಸಿಕೊಂಡು ಹೋದವರು ಆ ವರ್ಷ ಹಬ್ಬಕ್ಕೂ ಬರಲಿಲ್ಲ. ಅತ್ತೆ ನನ್ನನ್ನು ಏನೂ ಕೇಳಲಿಲ್ಲ. ಊಟ ಇಟ್ಟು ಹೋಗುತ್ತಿದ್ದರು, ಅಷ್ಟೇ.

ಒಂದು ಮಧ್ಯಾಹ್ನ ನಾನಾಗಿಯೇ ಎದ್ದು ಅವರ ಪಕ್ಕ ಕೂತೆ. ಮೊರವನ್ನು ನನ್ನ ಕಡೆ ಸ್ವಲ್ಪ ತಳ್ಳಿದರು. ಸುಲಿಯುತ್ತ ಸುಲಿಯುತ್ತ, ಮಗುವಿನ ಮುಖ ನಾನು ನೋಡಲೇ ಇಲ್ಲವಲ್ಲ ಎಂದೆ.

“ನಾನು ನೋಡಿದೀನಿ ಕಣವ್ವ. ಎತ್ಕೊಂಡಿದ್ದೆ. ಹೆಣ್ಮಗ. ಮೂಗು ನಿಂದೇ.”

ಅವರ ತೊಡೆಯ ಮೇಲೆ ತಲೆಯಿಟ್ಟು ಮನಸಾರೆ ಅತ್ತುಬಿಟ್ಟೆ.

ಆಮೇಲೆ ಇಬ್ಬರು ಮಕ್ಕಳಾದರು, ಮನೆ ತುಂಬಿತು. ಆದರೂ ಆಗಾಗ ಕೇಳುತ್ತಿದ್ದೆ: ಕೂದಲು ಎಷ್ಟಿತ್ತು, ಬೆರಳು ಹೇಗಿದ್ದವು? ಎಷ್ಟು ಸಲ ಕೇಳಿದರೂ ಬೇಸರಪಡದೆ ಹೇಳಿದರು. ಅದಕ್ಕಿಂತ ದೊಡ್ಡ ಉಪಕಾರ ನನಗೆ ಯಾರೂ ಮಾಡಿಲ್ಲ. ಹೋದ ಕಾರ್ತೀಕದಲ್ಲಿ ಅತ್ತೆ ತೀರಿಕೊಂಡರು. ಕೊನೆಗೆ ಎಲ್ಲರೂ ಅವರ ಕಾಲು ಮುಟ್ಟಿ ನಮಸ್ಕರಿಸಿದರು. ನಾನು ಕೈಗಳನ್ನು ಹಿಡಿದುಕೊಂಡೆ. ನನ್ನ ಮೊದಲ ಮಗಳನ್ನು ಎತ್ತಿಕೊಂಡಿದ್ದ ಕೈಗಳು ಅವು.