ಪಡುವಿನಲ್ಲಿಲ್ಲದ ಸಮುದ್ರ

ಕುಲಶೇಖರದ ಪಿಯುಸ್ ಕಂಡಕ್ಟರ್ ಬುದ್ಧಿ ಬಂದಾಗಿನಿಂದ ಯಾರಲ್ಲೂ ದಾರಿ ಕೇಳಿದವನಲ್ಲ. ಕೇಳುವವರು ಅವನಲ್ಲಿ ಕೇಳಬೇಕು, ಅವನು ಹೇಳಬೇಕು. ಹಂಪನಕಟ್ಟೆಯಿಂದ ಕುಲಶೇಖರಕ್ಕೆ ಹೋಗುವ ಸಿಟಿ ಬಸ್ಸಿನಲ್ಲಿ ಹದಿನಾಲ್ಕು ವರ್ಷ ಟಿಕೇಟು ಹರಿದವನಿಗೆ ಯಾವ ಓಣಿ ಯಾರ ಹಿತ್ತಿಲಿಗೆ ಹೋಗಿ ಮುಟ್ಟುತ್ತದೆಂಬುದು ಬಾಯಿಪಾಠವಾಗಿತ್ತು. ಗೊತ್ತಿಲ್ಲದ ಜಾಗಕ್ಕೂ ಅವನ ಬಳಿ ಒಂದು ಸೂತ್ರವಿತ್ತು. ಸಮುದ್ರ ಇರುವುದು ಪಡುವಿಗೆ, ಸೂರ್ಯ ಮುಳುಗುವ ಕಡೆ. ಅದಕ್ಕೆ ಬೆನ್ನು ಹಾಕಿದರೆ ಮೂಡು. ಇಷ್ಟು ಸಿಕ್ಕಿದ ಮೇಲೆ ತೆಂಕು, ಬಡಗು ಎಲ್ಲಿಗೆ ಓಡಿಹೋಗುತ್ತವೆ?

ಕರಾವಳಿಯವರು ಎಡ ಬಲ ಎನ್ನುವುದೇ ಕಡಿಮೆ. ಊಟಕ್ಕೆ ಕುಳಿತವನಿಗೂ ಸ್ವಲ್ಪ ತೆಂಕಕ್ಕೆ ಸರಿ ಎನ್ನುವ ಜನ. ಪಿಯುಸನದ್ದು ಒಂದು ಕೈ ಹೆಚ್ಚು. ತುಂಬಿ ತುಳುಕುವ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು, "ನಿಂತವರು ಒಂಚೂರು ಮೂಡಕ್ಕೆ ಹೋಗಿ ಮಾರಾಯ್ರೆ, ಮೂಡದಲ್ಲಿ ಜಾಗ ಉಂಟು!" ಎಂದು ಕೂಗುತ್ತಿದ್ದ. ಬಸ್ಸು ತಿರುವು ದಾಟಿದ ಮೇಲೆ ಅದೇ ಜನರನ್ನು ತೆಂಕಕ್ಕೆ ಅಟ್ಟುತ್ತಿದ್ದ. ಅವನ ಲೆಕ್ಕ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಅಂಥ ಪಿಯುಸ್ ೧೯೮೨ರ ಫೆಬ್ರವರಿಯಲ್ಲಿ ಒಂದು ತಿಂಗಳಿಗೆಂದು ಕುವೈತಿಗೆ ಹೋದ. ಹೆಂಡತಿ ಮಾರ್ಸೆಲಿನ್ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಮದುವೆಯಾಗಿ ಎರಡು ವರ್ಷಕ್ಕೆ, ಮನೆ ಕಟ್ಟಬೇಕೆಂದು ಹೋದವಳು. ನಡುವೆ ಒಂದು ಸಲ ರಜೆಗೆ ಬಂದದ್ದು ಬಿಟ್ಟರೆ ನಾಲ್ಕು ವರ್ಷ ಅಲ್ಲೇ ಕಳೆದಿದ್ದಳು. ಕುಲಶೇಖರದಲ್ಲಿ ಮನೆ ಎದ್ದಿತ್ತು, ತಾರಸಿಯೂ ಆಗಿತ್ತು. ಈಗ ಅವಳ ಕರಾರು ಮುಗಿಯುತ್ತ ಬಂದಿತ್ತು. ಇನ್ನೆರಡು ವರ್ಷಕ್ಕೆ ಸಹಿ ಹಾಕುವುದೋ, ಊರಿಗೆ ಹೊರಡುವುದೋ, ಆಸ್ಪತ್ರೆಗೆ ತಿಳಿಸಬೇಕಿತ್ತು. "ನೀನು ಬಾ, ಮಾತಾಡುವ, ಆಮೇಲೆ ಹೇಳ್ತೇನೆ" ಎಂದು ಅವಳು ಕಾಗದ ಬರೆದಿದ್ದಳು.

ಪಿಯುಸನ ಮಟ್ಟಿಗೆ ಮಾತಾಡುವುದೇನೂ ಇರಲಿಲ್ಲ. ಅವನ ಜೊತೆಯಲ್ಲೇ ಇದ್ದ ಅಕ್ಕ ಆಗ್ನೆಸ್ ಬಜ್ಪೆ ವಿಮಾನ ನಿಲ್ದಾಣದವರೆಗೂ ಬಂದು ಹೇಳಿದ್ದಳು: "ಕರ್ಕೊಂಡೇ ಬಾ. ಪರದೇಶದಲ್ಲಿ ಒಬ್ಬಳೇ ಎಷ್ಟು ಅಂತ ಸಾಯ್ತಾಳೆ ಅವಳು?" ಕರೆತರುವುದೆಂದು ಅವನು ಆಗಲೇ ತೀರ್ಮಾನಿಸಿಯೂ ಆಗಿತ್ತು. ಹೆಂಡತಿಯ ಮುಖ ನೋಡಿ ನಾಲ್ಕು ಮಾತು ಹೇಳಿದರೆ ಆಯಿತು.

ಆದರೆ ಮುಖ ಸಿಗುವುದೇ ಕಷ್ಟವಾಯಿತು. ಮೊದಲ ಮೂರು ದಿನ ಅವಳಿಗೆ ಡ್ಯೂಟಿ. ಅಲ್ಲೇ ಕೆಲಸಕ್ಕಿದ್ದ ಊರಿನ ಗೆಳೆಯ, ಪಡೀಲಿನ ಎಡ್ವಿನ್, ತನ್ನ ಫ್ಲಾಟಿನ ಒಂದು ಕೋಣೆ ಬಿಟ್ಟುಕೊಟ್ಟಿದ್ದ; ಪಿಯುಸ್ ಅಲ್ಲೇ ಕುಳಿತು ಕಿಟಕಿಯಿಂದ ಎದುರು ಕಟ್ಟಡದ ಗೋಡೆ ನೋಡಿದ. ಸಿಕ್ಕಿದ್ದು ಶುಕ್ರವಾರ ಒಂದೇ. ಆಸ್ಪತ್ರೆಗೆ ಉತ್ತರ ಕೊಡಬೇಕಾದದ್ದು ಶನಿವಾರ ಬೆಳಿಗ್ಗೆ. ಹಾಗಾಗಿ ಇಡೀ ದಿನ ಊರು ಸುತ್ತುವುದು, ಸಂಜೆ ಸಮುದ್ರದ ದಂಡೆಯಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ವಿಷಯ ಎತ್ತುವುದು ಎಂದು ಪಿಯುಸ್ ಮನಸ್ಸಿನಲ್ಲೇ ಟೈಮಿಂಗ್ ಹಾಕಿಕೊಂಡ. ಅಂಥ ಹೊತ್ತಿನಲ್ಲಿ ಯಾವ ಹೆಂಗಸೂ ಇಲ್ಲ ಎನ್ನುವುದಿಲ್ಲ ಎಂಬುದು ಅವನ ನಂಬಿಕೆ.

ಬೆಳಿಗ್ಗೆ ಇಗರ್ಜಿಗೆ ಹೋದರು. ಭಾನುವಾರ ಕೆಲಸದ ದಿನವಾದ್ದರಿಂದ ಅಲ್ಲಿ ಭಾನುವಾರದ ಪೂಜೆ ಶುಕ್ರವಾರವೇ.

"ಇದು ದೇವರಿಗೆ ಗೊತ್ತುಂಟಾ?" ಎಂದ ಪಿಯುಸ್.

"ಬಿಷಪರಿಗೆ ಗೊತ್ತುಂಟು. ಸಾಕು," ಎಂದಳು ಮಾರ್ಸೆಲಿನ್.

ಅಲ್ಲಿಂದ ಬಸ್ಸು. ಹೆಂಗಸರು ಮುಂದೆ, ಗಂಡಸರು ಹಿಂದೆ. ಅವಳು ಡ್ರೈವರನ ಹತ್ತಿರ ಅರಬ್ಬಿಯಲ್ಲಿ ಏನೋ ಹೇಳಿ ಚಿಲ್ಲರೆ ಕೊಟ್ಟು, ಹಿಂದಿದ್ದ ಗಂಡನ ಕಡೆ ಬೆರಳು ತೋರಿಸಿದಳು. ಆ ಬಸ್ಸಿಗೆ ಕಂಡಕ್ಟರನೇ ಇರಲಿಲ್ಲ. ಪಿಯುಸನಿಗೆ ಅದು ಚೂರೂ ಹಿಡಿಸಲಿಲ್ಲ.

ಇಳಿದದ್ದು ಗೋಪುರಗಳ ಬುಡದಲ್ಲಿ. ಸಮುದ್ರದ ಅಂಚಿನಲ್ಲಿ ನೀಲಿ ಬಿಲ್ಲೆ ಅಂಟಿಸಿದ ದೊಡ್ಡ ದೊಡ್ಡ ಉಂಡೆಗಳನ್ನು ಸೂಜಿಗೆ ಪೋಣಿಸಿದ ಹಾಗೆ ಎತ್ತರದ ಗೋಪುರಗಳು. ಲಿಫ್ಟಿನಲ್ಲಿ ಮೇಲಿನ ಉಂಡೆಗೆ ಹೋದರು. ಆ ದಿನ ಬೆಳಗಿನಿಂದ ಧೂಳಿನ ಮಬ್ಬು ಮುಸುಕಿ ಸೂರ್ಯ ಎಲ್ಲಿದ್ದಾನೆಂದೇ ತಿಳಿಯುತ್ತಿರಲಿಲ್ಲ. ಪಿಯುಸನಿಗೆ ಸೂರ್ಯ ಯಾಕೆ? ಗಾಜಿನಾಚೆ ಸಮುದ್ರ ಕಂಡದ್ದೇ ಕೈ ಚಾಚಿದ.

"ಅದು ಪಡು. ಹಾಗಾದ್ರೆ ಇಗರ್ಜಿ ಇರುವುದು ಅಗೋ, ಮೂಡಕ್ಕೆ. ಎಡ್ವಿನನ ಮನೆ ತೆಂಕು."

ಮಾರ್ಸೆಲಿನ್ ಏನೋ ಹೇಳಹೊರಟವಳು ಹೋಗಿ ಚಹಾ ತಂದಳು. ಚಹಾ ಕುಡಿದು ತಲೆ ಎತ್ತಿದರೆ ಅವನ ಪಡುವಿನಲ್ಲಿ ಸಮುದ್ರವೇ ಇಲ್ಲ! ಅಲ್ಲಿ ಕಟ್ಟಡಗಳು ನಿಂತಿದ್ದವು. ಸಮುದ್ರ ಅವನ ಬೆನ್ನ ಹಿಂದೆ ಹೋಗಿತ್ತು.

"ಈ ಉಂಡೆ ತಿರುಗ್ತದೆ ಮಾರಾಯ," ಎಂದಳು ಅವಳು, ನಗು ತಡೆಯಲಾಗದೆ. "ಅರ್ಧ ಗಂಟೆಗೆ ಒಂದು ಸುತ್ತು."

"ನೆಲ ತಿರುಗಿದ್ರೆ ಮನುಷ್ಯ ಎಂತ ಮಾಡುವುದು?" ಎಂದು ಪಿಯುಸ್ ತಪ್ಪನ್ನು ಕಟ್ಟಿದವರ ತಲೆಗೆ ಹಾಕಿ ಕೆಳಗಿಳಿದ. ಅವನ ಧೈರ್ಯಕ್ಕೆ ಏನೂ ಆಗಿರಲಿಲ್ಲ.

ಮಧ್ಯಾಹ್ನ ಹಳೇ ಪೇಟೆ ಸುತ್ತಿದರು. ಖರ್ಜೂರ, ಅತ್ತರು, ಆಗ್ನೆಸಳಿಗೊಂದು ಶಾಲು. ಹೊರಬಂದಾಗ ಬಸ್ ನಿಲ್ದಾಣ ಈ ಕಡೆ ಎಂದಳು ಮಾರ್ಸೆಲಿನ್. ಪಿಯುಸ್ ತಲೆಯಾಡಿಸಿದ. ಬರುವಾಗ ಸಮುದ್ರವನ್ನು ಹೇಗೆ ಬಿಟ್ಟು ಬಂದೆವು, ಎಷ್ಟು ತಿರುವು, ಎಲ್ಲ ಅವನ ಲೆಕ್ಕದಲ್ಲಿತ್ತು.

"ನೀನು ಸುಮ್ಮನೆ ನನ್ನ ಹಿಂದೆ ಬಾ. ಬಡಗಕ್ಕೆ ನಾಲ್ಕು ಹೆಜ್ಜೆ."

ನಾಲ್ಕು ಹೆಜ್ಜೆ ಒಂದು ಗಂಟೆಯಾಯಿತು. ಅಂಗಡಿಗಳು ಮುಗಿದವು, ಮನೆಗಳು ಮುಗಿದವು, ಕೊನೆಗೆ ಬೀಗ ಹಾಕಿದ ಗೋದಾಮುಗಳ ಸಾಲೊಂದು ಬಂದು ರಸ್ತೆಯೂ ಮುಗಿಯಿತು. ಹಿಂದೆ ಹೈಹೀಲ್ಡ್ ಚಪ್ಪಲಿಯಲ್ಲಿ ಕಾಲೆಳೆಯುತ್ತ ಬರುತ್ತಿದ್ದಳು ಮಾರ್ಸೆಲಿನ್. ಈಗ ಅವಳು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ದೂರದಲ್ಲಿ ಬರುತ್ತಿದ್ದ ಟ್ಯಾಕ್ಸಿಗೆ ಇನ್ನೊಂದು ಕೈ ಅಡ್ಡ ಹಿಡಿದಳು. ಡ್ರೈವರ್ ಹೇಳಿದ ದರವನ್ನು ಅರಬ್ಬಿಯಲ್ಲೇ ಗದರಿಸಿ ಅರ್ಧಕ್ಕಿಳಿಸಿದಳು. ಊರಿನಲ್ಲಿ ಮೀನು ಮಾರುವವಳ ಹತ್ತಿರವೂ ಚೌಕಾಶಿ ಮಾಡದಿದ್ದ ಹುಡುಗಿ ಇವಳೇ ಹೌದಾ ಎಂದು ಪಿಯುಸನಿಗೆ ಅನಿಸಿತು. ಹೆಮ್ಮೆಯೂ ಆಯಿತು, ಸ್ವಲ್ಪ ಹೆದರಿಕೆಯೂ ಆಯಿತು.

ಟ್ಯಾಕ್ಸಿ ಅವರನ್ನು ಊರಿನ ಇನ್ನೊಂದು ತುದಿಯ ದಂಡೆಯಲ್ಲಿ ಇಳಿಸಿದಾಗ ಐದು ಗಂಟೆ ಹತ್ತಿರ. ಮಬ್ಬು ಹರಿಯತೊಡಗಿತ್ತು. ನೀರಿಗೆ ಎದುರಾಗಿ ಒಂದು ಬೆಂಚು ಹುಡುಕಿ, ಕರವಸ್ತ್ರದಿಂದ ಒರೆಸಿ, ಪಿಯುಸ್ ಹೆಂಡತಿಯನ್ನು ಕೂರಿಸಿದ. ಗಂಟಲು ಸರಿಮಾಡಿಕೊಂಡ. ಸೂರ್ಯ ಕೆಂಪಾಗಲಿ, ನೀರಿಗೆ ಮುಟ್ಟಲಿ, ಆಗ ಹೇಳುತ್ತೇನೆ ಎಂದು ಕಾದ.

ಸೂರ್ಯ ಬರಲಿಲ್ಲ. ನೀರು ಬೂದಿಯಾಗುತ್ತ ಹೋಯಿತು. ಅವನ ನೆರಳೇ ಅವನೆದುರು ಉದ್ದವಾಗಿ ಮರಳಿನ ಮೇಲೆ ಹರಿದು ನೀರಿನ ಕಡೆ ಹೋಗುತ್ತಿತ್ತು. ಪಿಯುಸ್ ನೆರಳನ್ನು ನೋಡಿದ. ನಿಧಾನಕ್ಕೆ ತಿರುಗಿ ಹಿಂದೆ ನೋಡಿದ. ಅಂಗಡಿ, ಆಂಟೆನಾ, ನೀರಿನ ಟಾಂಕಿಗಳ ನಡುವೆ ಸೂರ್ಯ ಯಾರಿಗೂ ಬೇಡವಾದವನ ಹಾಗೆ ಮುಳುಗುತ್ತಿದ್ದ.

"ಇಲ್ಲಿ ಸಮುದ್ರ ಮೂಡಕ್ಕೆ," ಎಂದ ಪಿಯುಸ್. ಅವನ ಧ್ವನಿ ಅವನಿಗೇ ಗುರುತು ಸಿಗಲಿಲ್ಲ.

"ಹೌದು."

"ನಿನಗೆ ಗೊತ್ತಿತ್ತು. ಬೆಳಿಗ್ಗೆಯೇ ಹೇಳ್ಬಹುದಿತ್ತಲ್ಲ?"

"ನೀನು ಕೇಳ್ಲಿಲ್ಲ," ಎಂದಳು ಮಾರ್ಸೆಲಿನ್. ಆಮೇಲೆ ಅವನ ಕೈ ಹಿಡಿದುಕೊಂಡಳು. "ಬಂದ ಮೊದಲ ವಾರ ನಾನೂ ಹೀಗೇ ಕೂತಿದ್ದೆ, ಇಲ್ಲಿಯೇ. ಸೂರ್ಯ ಮುಳುಗುವುದು ನೋಡ್ಲಿಕ್ಕೆ ಅಂತ. ಅವ ಬೆನ್ನ ಹಿಂದೆಯೇ ಮುಳುಗಿ ಕತ್ತಲಾಯ್ತು. ಆ ದಿನ ಅತ್ತದ್ದು ನೋಡು, ಹೋಗುವವರು ನಿಂತು ನೋಡುವಷ್ಟು ಅತ್ತೆ."

"ಮತ್ತೆ?"

"ಮತ್ತೆಂತ? ಮರುದಿನ ಐದು ಗಂಟೆಗೆ ಎದ್ದು ಬಂದೆ. ಸೂರ್ಯ ನೀರಿನಿಂದ ಏಳ್ತಾನೆ ಪಿಯುಸ್! ತೊಟ್ಟಿಕ್ಕಿಕೊಂಡು ಏಳ್ತಾನೆ. ನಮ್ಮ ಊರಲ್ಲಿ ಯಾರು ನೋಡಿದ್ದಾರೆ ಅದನ್ನು? ಈಗಲೂ ನೈಟ್ ಡ್ಯೂಟಿ ಮುಗಿದ ದಿನ ಬಂದು ನೋಡಿ ಹೋಗ್ತೇನೆ."

ಅದನ್ನು ಹೇಳುವಾಗ ಅವಳ ಮುಖದಲ್ಲಿದ್ದ ಬೆಳಕನ್ನು ಪಿಯುಸ್ ನೋಡಿದ. ಬೆಳಗಿನಿಂದ ನಾಲಿಗೆಯ ತುದಿಯಲ್ಲಿಟ್ಟುಕೊಂಡಿದ್ದ ಮಾತು ಅಲ್ಲೇ ಕುಳಿತಿತು. ಹೆಂಡತಿ ಕಷ್ಟದಲ್ಲಿದ್ದಾಳೆ, ಬಿಡಿಸಿಕೊಂಡು ಹೋಗಬೇಕು ಎಂದು ಹೊರಟು ಬಂದವನು ಕಷ್ಟ ಉಂಟಾ ಎಂದು ವಿಚಾರಿಸಿಯೇ ಇರಲಿಲ್ಲ. ನಾಚಿಕೆಯಾಯಿತು.

"ಮಾರ್ಸೆಲಿನ್, ನಿನಗೆ ಎಂತ ಬೇಕು?"

ಅವಳು ಕೈಚೀಲದ ಬಾಯಿ ತೆರೆದಳು, ಮುಚ್ಚಿದಳು. ಕರಾರಿನ ಕಾಗದ ಅದರೊಳಗಿತ್ತು.

"ನನ್ನನ್ನು ವಾರ್ಡಿನ ಇನ್‌ಚಾರ್ಜ್ ಮಾಡಿದ್ದಾರೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುಗಳ ವಾರ್ಡು. ಒಂದು ಅಂಗೈಯಷ್ಟು ಇರ್ತವೆ. ಅದು ನನಗೆ ಬರ್ತದೆ ಪಿಯುಸ್, ಚೆನ್ನಾಗಿ ಬರ್ತದೆ. ನಾನು ಕಲಿತದ್ದು ಎಲ್ಲ ಅಲ್ಲಿ ಬೇಕಾಗ್ತದೆ." ಅವಳು ಅವನ ಕಣ್ಣನ್ನೇ ನೋಡಿದಳು. "ನನಗೆ ಇಲ್ಲಿ ಕಷ್ಟ ಇಲ್ಲ. ನೀನಿಲ್ಲ. ಅದೊಂದೇ."

ಅವಳು ಕಷ್ಟದಲ್ಲಿದ್ದಿದ್ದರೆ ಪಿಯುಸನಿಗೆ ಎಷ್ಟು ಸುಲಭವಾಗುತ್ತಿತ್ತು! ತನ್ನ ಜೊತೆ ಬಾ ಎಂದರೆ ಅವಳು ಬರುತ್ತಾಳೆ, ಅದೂ ಅವನಿಗೆ ಗೊತ್ತಿತ್ತು. ಒಂದೇ ಮಾತು ಸಾಕಿತ್ತು. ಬಂದು ಕುಲಶೇಖರದ ಹೊಸ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತ, ಒಂದು ದಿನವೂ ದೂರದೆ ಇರುತ್ತಾಳೆ. ಅದನ್ನು ಜೀವಮಾನವಿಡೀ ನೋಡುವ ಧೈರ್ಯ ಅವನಿಗಿರಲಿಲ್ಲ.

"ಸಹಿ ಹಾಕು," ಎಂದ.

"ಊರಲ್ಲಿ ಎಂತ ಹೇಳ್ತಿ?"

"ಅದು ನನ್ನ ತಲೆನೋವು. ಹದಿನಾಲ್ಕು ವರ್ಷ ಬಸ್ಸಿನಲ್ಲಿ ನಿಂತವ ನಾನು. ಇನ್ನೆರಡು ವರ್ಷ ನಿಲ್ಲಲಿಕ್ಕೆ ಆಗುದಿಲ್ವಾ?"

ಮಾರ್ಸೆಲಿನ್ ಅತ್ತಳು, ನಕ್ಕಳು, ಆಮೇಲೆ ಹಸಿವೆಯಾಗುತ್ತದೆ ಎಂದಳು. ಉಳಿದ ದಿನಗಳೆಲ್ಲ ಪಿಯುಸ್ ಅವಳು ಹೇಳಿದ ಕಡೆ ತಿರುಗಿ, ಅವಳು ಹೇಳಿದ ಕಡೆ ಇಳಿದ. ಎರಡು ಸಲ ಐದು ಗಂಟೆಗೆ ಎದ್ದು ಅವಳೊಡನೆ ದಂಡೆಗೂ ಹೋದ.

ತಿಂಗಳು ಮುಗಿದು ಬಜ್ಪೆಯಲ್ಲಿ ಇಳಿದಾಗ ಆಗ್ನೆಸ್ ಟ್ಯಾಕ್ಸಿ ಮಾಡಿಕೊಂಡು ಬಂದು ನಿಂತಿದ್ದಳು. ಅವಳು ತಮ್ಮನನ್ನು ನೋಡಲಿಲ್ಲ, ತಮ್ಮನ ಹಿಂದೆ ಬರುವವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಆಸ್ಪತ್ರೆಯವರು ಬಿಡಲಿಲ್ಲ, ವೀಸಾ ತೊಂದರೆ, ಹೀಗೆ ಬೊಂಬಾಯಿಯಿಂದ ಬರುವ ದಾರಿಯಲ್ಲಿ ಪಿಯುಸ್ ಎರಡು ಮೂರು ಸುಳ್ಳು ತಯಾರು ಮಾಡಿಟ್ಟುಕೊಂಡಿದ್ದ.

"ಎಲ್ಲಿ ಅವಳು? ಕರ್ಕೊಂಡು ಬಾ ಅಂತ ನಿನ್ನನ್ನು ಕಳಿಸಿದ್ದು! ಪಾಪದ ಹುಡುಗಿ, ಅಲ್ಲಿ ಹೇಗೆ ಸಾಯ್ತಾಳೋ ಏನೋ."

ಪಿಯುಸ್ ಪೆಟ್ಟಿಗೆ ಕೆಳಗಿಟ್ಟ.

"ಅವಳು ಅಲ್ಲಿ ಸುಖವಾಗಿದ್ದಾಳೆ ಅಕ್ಕ," ಎಂದ. "ಸಾಯುವವ ನಾನು. ಅದಕ್ಕೆ ಅವಳನ್ನು ಎಳ್ಕೊಂಡು ಬರ್ಲಿಕ್ಕೆ ಆಗ್ತದಾ?"