ಖಂಡೆ ಪೂಜೆಯ ದಿನ ತೊಳೆದ ಕಾರು

ಗೊಂಡೆ ಹೂವಿನ ಜೊತೆ ಪೆಟ್ರೋಲ್ ವಾಸನೆ ಬೆರೆತರೆ ನಾನು ಇವತ್ತಿಗೂ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತೇನೆ. ಮೊನ್ನೆ ಖಂಡೆ ಪೂಜೆಗೆ, ಅದೇ ಆಯುಧ ಪೂಜೆಗೆ, ನನ್ನ ಗಂಡ ಹೂವಿನ ಬುಟ್ಟಿ ಪಕ್ಕಕ್ಕಿಟ್ಟುಕೊಂಡು ಸ್ಕೂಟರ್ ತೊಳೆಯಲು ಕೂತಿದ್ದರು. ನಾನು ಬಾಗಿಲಲ್ಲಿ ನಿಂತವಳು ನಿಂತೇ ಇದ್ದೆ... ನೆನಪಾದದ್ದು ತವರೂರು ಹಾರವಾಡದ ನಮ್ಮ ಪಕ್ಕದ ಮನೆಯ ಮಾಸ್ತರರು, ಅವರ ಬಿಳಿ ಅಂಬಾಸಿಡರ್.

ಆ ಕಾರು ಆಗಲೇ ಮುದುಕ. ನಮ್ಮ ಕೇರಿಗೆ ಇದ್ದದ್ದೂ ಅದೊಂದೇ. ಮಾಸ್ತರರ ಬಾವಿಯ ನೀರು ಉಪ್ಪು. ತಾಗಿದರೆ ತುಕ್ಕು ಹಿಡಿಯುತ್ತದೆಂದು ಖಂಡೆ ಪೂಜೆಯ ದಿನ ಕಾರನ್ನು ನೂಕಿಸಿಕೊಂಡು ನಮ್ಮ ಬಾವಿಗೆ ಬರುತ್ತಿದ್ದರು. ನಾನು ಕಾಲೇಜಿಗೆ ಹೋಗುತ್ತಿದ್ದ ಆ ವರ್ಷ ನೀರು ಸೇದಿ ಕೊಟ್ಟವಳು ನನ್ನ ಅಮ್ಮ. ದಮ್ಮಿನ ಕಾಯಿಲೆ ಇದ್ದರೂ ಸುಮ್ಮನೆ ಕೂರುವವಳಲ್ಲ. ಮಾಸ್ತರರು ಬಾನೆಟ್ ಎತ್ತಿ ಎಂಜಿನ್ ಒರೆಸುತ್ತಿದ್ದರೆ ನಕ್ಕಳು.

"ಮೈಗೆ ಮಾತ್ರ ಮೀಯ್ಸಿರೆ ಸಾಕಾ ಮಾಸ್ತರ್ರೆ? ಹೊಟ್ಟೆ ಒಳಗೂ ಹೊಯ್ರಿ."

ತುಂಬಿದ ಕೊಡಪಾನ ಅವರ ಕೈಗೆ ಕೊಟ್ಟಳು. ಅವರೂ ನಗುತ್ತ ಹೊಯ್ದರು. ಅಪ್ಪ ಆಗ ಪೇಟೆಗೆ ಹೋಗಿದ್ದ.

ಮಧ್ಯಾಹ್ನ ಪೂಜೆ, ಊಟ ಎಲ್ಲ ಮುಗಿದ ಮೇಲೆ ಅಮ್ಮನ ಉಸಿರು ಕಟ್ಟಿತು. ಔಷಧಕ್ಕೆ ಬಗ್ಗಲಿಲ್ಲ, ತುಟಿ ನೀಲಿಯಾಗುತ್ತ ಬಂತು. ಪೂಜೆಯಾದ ಗಾಡಿಯನ್ನು ಆ ದಿನ ನಮ್ಮಲ್ಲಿ ಯಾರೂ ಹೊರಗೆ ತೆಗೆಯುವುದಿಲ್ಲ. ಆದರೂ ಮಾಸ್ತರರು ಹಾರ ಕಿತ್ತು ಬಿಸಾಕಿ, ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಚಾವಿ ತಿರುಗಿಸಿದರು.

ಎಂಜಿನ್ ಗರಗರ ಅಂತ ತಿರುಗಿತು, ಹತ್ತಲಿಲ್ಲ. ಮತ್ತೆ ತಿರುಗಿಸಿದರು. ಪೆಟ್ರೋಲ್ ಬರುತ್ತಿಲ್ಲವೇನೋ ಎಂದು ಪೈಪ್ ಬಿಚ್ಚಿ ಬಾಯಿಂದ ಊದಿದರು. ಬರುತ್ತಿತ್ತು, ಅವರ ಅಂಗಿಯೆಲ್ಲ ನೆನೆಯಿತು. ಚೋಕ್ ಎಳೆದರು. ತಿರುಗಿಸಿ ತಿರುಗಿಸಿ ಬ್ಯಾಟರಿ ಎಂಜಿನ್ ತಿರುಗಿಸಲಾರದಷ್ಟು ಸೋತಿತು. ಅಪ್ಪ ಬಾಗಿಲು ಬಡಿಯುತ್ತ, "ಬೇಗ ಮಾಡಾ, ಬೇಗ ಮಾಡಾ" ಎಂದು ಅಳುತ್ತಿದ್ದ. ನಾನು ಅಮ್ಮನ ಬೆನ್ನು ತಿಕ್ಕುತ್ತ ಆ ಕಾರಿಗೆ ಕೈಮುಗಿದೆ. ದೇವರಿಗೂ ಹಾಗೆ ಮುಗಿದಿರಲಿಲ್ಲ.

ಕಡೆಗೆ ಮಾಸ್ತರರು ಪ್ಲಗ್ಗಿನ ವಾಯರ್ ತೆಗೆದು ನೋಡಿದರು. ಕಿಡಿ ಇಲ್ಲ. ಕಿಡಿ ಹಂಚುವ ಕರಿ ಮುಚ್ಚಳ ಬಿಚ್ಚಿದರು. ಒಳಗೆಲ್ಲ ನೀರಿನ ಹನಿ... ನಮ್ಮ ಬಾವಿಯ ನೀರು. ಒಮ್ಮೆ ನನ್ನ ಮುಖ ನೋಡಿದರು. ಹೆಗಲ ಮೇಲಿನ ಪೂಜೆಯ ಶಾಲಿನಿಂದ ಒರೆಸಿ, ಮುಚ್ಚಳ ಕೂರಿಸಿ, ಕೈಯಿಂದ ಎಂಜಿನ್ ತಿರುಗಿಸುವ, ಕುಂಕುಮ ಹಚ್ಚಿದ್ದ ಹ್ಯಾಂಡಲನ್ನು ಮುಂದಿನಿಂದ ತೂರಿಸಿ ತಿರುವಿದರು. ಕಾರು ಹತ್ತಿತು.

ಬಿಣಗಾ ದಾಟುವಾಗ ಅಮ್ಮನ ಕೈ ನನ್ನ ಕೈಯಲ್ಲಿ ಸಡಿಲವಾಯಿತು. ಕಾರವಾರದ ಡಾಕ್ಟರು, "ಸ್ವಲ್ಪ ಮೊದಲು ತಂದಿದ್ದರೆ" ಎಂದರು. ಅಪ್ಪನಿಗೆ ಅಷ್ಟೇ ಸಾಕಾಯಿತು. ಆಸ್ಪತ್ರೆಯ ಅಂಗಳದಲ್ಲೇ ಮಾಸ್ತರರ ಅಂಗಿ ಹಿಡಿದ.

"ಎಂಜಿನ್ನಿಗೆ ನೀರ್ ಹೊಯ್ದಂವ ನಾನೇ" ಎಂದರು ಅವರು. ಅಮ್ಮನ ಹೆಸರು ಎತ್ತಲಿಲ್ಲ.

ಹನ್ನೆರಡನೇ ದಿನದ ಕಾರ್ಯ ಮುಗಿದ ಮೇಲೆ ನಾನು ತಡೆಯಲಾರದೆ ಅವರ ಮನೆಗೆ ಹೋದೆ. ಅಮ್ಮ ಹೇಳಿದ್ದಕ್ಕೇ ಅಲ್ಲವೇ ನೀವು ಹೊಯ್ದದ್ದು, ಅಪ್ಪನಿಗೆ ಹೇಳಿಬಿಡುತ್ತೇನೆ ಎಂದೆ. ಅವರು ಗಾಬರಿಯಾಗಿ ಎದ್ದು ನಿಂತರು.

"ಬೇಡ ತಂಗಿ. ಅವಂಗೆ ಈಗ ಬೈಯುಕೆ ಯಾರಾದ್ರೂ ಬೇಕು. ಸತ್ತವಳನ್ನ ಬೈಯೂ ಹಾಗಾದ್ರೆ ಅಂವ ಬದುಕೂದಿಲ್ಲ. ನನ್ನನ್ನೇ ಬೈಲಿ."

ಅಪ್ಪ ಬೈದ. ಬೇಲಿಯ ಈಚೆ ನಿಂತು, ಅವರಿಗೆ ಕೇಳುವ ಹಾಗೆ, ದಿನಾ ಬೈದ. ಮಾಸ್ತರರು ಕಾರನ್ನು ಮತ್ತೆ ಮುಟ್ಟಲಿಲ್ಲ, ಅದು ಅಂಗಳದಲ್ಲೇ ತುಕ್ಕು ಹಿಡಿಯಿತು. ಕೈಲಾಗದ ಮೇಲೆ ಮಗಳ ಮನೆಯೆಂದು ಶೆಟಗೇರಿಗೆ ಹೋದರು. ಅಪ್ಪ ಸಾಯುವ ಹಾಸಿಗೆಯಲ್ಲೂ ಅವರನ್ನು ಬಿಡಲಿಲ್ಲ. ಈ ಮಳೆಗಾಲದಲ್ಲಿ ಮಾಸ್ತರರೂ ಹೋದರು... ಬೈಯುವವನೂ ಇಲ್ಲ, ಬೈಸಿಕೊಳ್ಳುವವರೂ ಇಲ್ಲ. ಅಷ್ಟು ದೊಡ್ಡ ಮನುಷ್ಯನನ್ನು ನಾನು ಇನ್ನೆಲ್ಲೂ ನೋಡಲಿಲ್ಲ.

"ಒಂದು ಕೊಡಪಾನ ನೀರು ತಾರೆ" ಎಂದರು ಗಂಡ. ನಾನು ಒಣ ಬಟ್ಟೆ ತಂದು ಕೊಟ್ಟೆ.

ಯಾಕೆ ಎಂದು ಕೇಳಿದರು. ಅವತ್ತು ಮೊದಲ ಬಾರಿಗೆ ಬೇರೆಯವರೆದುರು ಬಾಯಿಬಿಟ್ಟು ಹೇಳಿದೆ, ನೀರು ಕೊಟ್ಟವಳು ಅಮ್ಮ ಎಂದು.